ಸಮುದ್ರದ ನಡುವಿನ ರೈತರಿಗಿ ಸಿಕ್ಕಿದ್ದು ನಮ್ಮ ಎರಿ ಹೊಲದವ್ರಿಗೂ ಸಿಗ್ಬೇಕು

ಅಂಡಮಾನ್ ಅಂದ್ರ ನಮ್ಮ ಕಡಿ ಮಂದಿಗಿ ಸೆಲ್ಯುಲಾರ್ ಜೈಲು, ಬೀಚ್ ಫೋಟೋ ಇಷ್ಟ ನೆನಪಾಗ್ತಾವ. ಅಲ್ಲಿ ಭತ್ತ ಬೆಳ್ಯೋ ರೈತ್ರದಾರ, ಅವ್ರಿಗಾಗಿನ ಒಂದ್ ಕೃಷಿ ಸಂಶೋಧನಾ ಸಂಸ್ಥೆ ಅದ ಅನ್ನೋದು ಬಾಳ ಮಂದಿಗಿ ಗೊತ್ತಿಲ್ಲ. ಚೆನ್ನೈದಿಂದ ಹೆಚ್ಚುಕಮ್ಮಿ 1200 ಕಿಲೋಮೀಟರ್ ಸಮುದ್ರದಾಚಿ ಇರೋ ಜಾಗ, 2011ರ ಜನಗಣತಿ ಪ್ರಕಾರ ಎಲ್ಲಾ ದ್ವೀಪ ಸೇರ್ಸಿ ಮಂದಿ 3.8 ಲಕ್ಷ, ಅಂದ್ರ ನಮ್ಮ ಕಲಬುರಗಿ ಸಿಟಿಗಿಂತ ಕಮ್ಮಿ. ಅಷ್ಟ ಮಂದಿಗಾಗಿ 1978ರಾಗ ಪೋರ್ಟ್ ಬ್ಲೇರ್‌ದಾಗ, ಈಗ ಅದಕ್ಕ ಶ್ರೀ ವಿಜಯಪುರಂ ಅಂತಾರ, ಐಸಿಎಆರ್‌ದವ್ರು (ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನವ್ರು) ಸಂಸ್ಥೆ ಕಟ್ಟಿದ್ರು. ಬಯಲುಸೀಮಿದಾಗ ಕಂಡುಹಿಡಿದಿದ್ದು ದ್ವೀಪದಾಗ ನಡಿಯಲ್ಲ ಅಂತ ಅವ್ರಿಗಿ ಗೊತ್ತಿತ್ತು.

2004 ಡಿಸೆಂಬರ್ 26ರ ಸುನಾಮಿ ಆದ್ಮ್ಯಾಲ ಈ ಮಾತು ಖರೇ ಆಯ್ತು ನೋಡ್ರಿ. ದಕ್ಷಿಣ ಅಂಡಮಾನ್‌ದಾಗ ಭೂಮಿನ ಕೆಳಗ ಕುಸಿದು, ಸಿಪ್ಪಿಘಾಟ್‌ದಂಥ ಕಡಿ ಗದ್ದಿಗಿ ಸಮುದ್ರದ ನೀರು ಹೊಕ್ಕು, ಉಪ್ಪು ಕೂತು, ಭತ್ತ ಅಲ್ಲಿ ಏಳ್ಲಾರದಂಗಾಯ್ತು. ಆ ಸಂಸ್ಥೆಯವ್ರು ಉಪ್ಪು ತಡ್ಕೊಳೋ ಕಾರಿ ಧಾನ್ 5ರಂಥ ಭತ್ತದ ತಳಿ ಕೊಟ್ರು. ಇನ್ನೊಂದ್ ಕೆಲ್ಸ ನನಗ ಬಾಳ ಹಿಡಿಸ್ತು: ಗದ್ದಿದಾಗ ಅಗಲಾದ ಮಡಿ ಏರ್ಸಿ ಪಕ್ಕಕ್ಕ ಆಳಾದ ಕಾಲುವಿ ತೆಗಿಯೋದು, ಅಲ್ಲಿ ಸುರಿಯೋ ಮಳಿ ವರ್ಷಕ್ಕ 3000 ಮಿಲಿಮೀಟರ್, ಆ ಮಳಿನ ಮಡ್ಯಾಗಿನ ಉಪ್ಪು ತೊಳ್ದು ಹೊರಗ ಹಾಕ್ತದ, ಮ್ಯಾಲ ಕಾಯಿಪಲ್ಲೆ, ಕೆಳಗ ಭತ್ತ, ಮೀನ. ದಿಲ್ಲಿದಾಗ ಕೂತವ್ರಿಗಿ ಇದು ಹೊಳಿತಿತ್ತೇನ್ರಿ?

ಈಗ ನಮ್ಮ ಕಡಿ ಬರ್ರಿ. ನಮಗೇನ್ ಸಮುದ್ರ ಅಡ್ಡ ಇಲ್ಲ. ಕಲಬುರಗಿದಾಗ ಆಳಂದ ರಸ್ತಿಗಿ ಕೃಷಿ ಸಂಶೋಧನಾ ಕೇಂದ್ರ ಅದ, ಕೆವಿಕೆ (ಕೃಷಿ ವಿಜ್ಞಾನ ಕೇಂದ್ರ) ಅದ, ರಾಯಚೂರದಾಗ ಕೃಷಿ ಯುನಿವರ್ಸಿಟಿ ಅದ, ಹೈದರಾಬಾದ್ ಹತ್ರ ಪಟಂಚೇರುದಾಗ 1972ರಿಂದ ಇಕ್ರಿಸ್ಯಾಟ್ ಅನ್ನೋ ಅಂತರರಾಷ್ಟ್ರೀಯ ಬೆಳಿ ಸಂಶೋಧನಾ ಸಂಸ್ಥೆ ಅದ. ತೊಗರಿ ತಳಿನೂ ಕೊಟ್ಟಾರ: ಗಿಡ ಬಾಡಿಸಿ ಒಣಗಿಸೋ ನೆಟಿ ರೋಗ ತಡಿಯೋ ಮಾರುತಿ ಬಂತು, ಟಿಎಸ್-3ಆರ್ ಬಂತು, ಜಿಆರ್‌ಜಿ-811 ಬಂತು. ವಿಜ್ಞಾನಿಗಳ ಮ್ಯಾಲ ನನಗ ಸಿಟ್ಟಿಲ್ಲ, ಗೌರವ ಅದ.

ಆದ್ರ 2022ರಾಗ ತೊಗರಿ ಹೂವು-ಕಾಯಿ ಹಿಡಿಯೋ ಹೊತ್ತಿಗಿ ನೆಟಿ ರೋಗ ಬಂದು ನಿಂತಲ್ಲೇ ಒಣಗಿ ಹೋಯ್ತಲ್ಲ, ಆಗ ನಮ್ಮ ಕಾಕಾ ಎಲ್ಲಿಗಿ ಹೋದ್ರು? ಎಣ್ಣಿ (ಕ್ರಿಮಿನಾಶಕ) ಅಂಗಡಿಗಿ. "ಕಾಕಾ, ಕೆವಿಕೆಕ್ಕ ಒಂದ್ ಗಿಡ ಕಿತ್ಕೊಂಡ್ ಹೋಗಿ ತೋರಿಸ್ಬೇಕಿತ್ರಿ" ಅಂದ್ರ, "ಅಲ್ಲಿ ನನಗ್ಯಾರ್ ಗುರ್ತ ಅದಾರೋ ತಮ್ಮಾ, ಅಂಗಡಿಯವ ಉದ್ರಿನಾದ್ರೂ ಕೊಡ್ತಾನ" ಅಂದ್ರು. ಅಂಗಡಿಯವ ಕೊಟ್ಟ ಎಣ್ಣಿ ಎಲಿ ಮ್ಯಾಲ ಹೊಡದ್ರು. ಆ ರೋಗದ ಶಿಲೀಂಧ್ರ ಇರೋದು ಮಣ್ಣಾಗ, ಬೇರಿನಾಗ! ಬಿತ್ತೋಕಿಂತ ಮೊದ್ಲ ಬೀಜಕ್ಕ ಟ್ರೈಕೋಡರ್ಮಾ (ರೋಗದ ಶಿಲೀಂಧ್ರ ತಡಿಯೋ ಒಳ್ಳೇ ಶಿಲೀಂಧ್ರ) ಹಚ್ಬೇಕು, ಅದೇ ಹೊಲದಾಗ ವರ್ಷಾ ವರ್ಷಾ ತೊಗರಿ ಹಾಕದ ನಡುವ ಜ್ವಾಳ ಹಾಕ್ಬೇಕು, ತಡಿಯೋ ತಳಿ ಆರಿಸ್ಬೇಕು. ಗಿಡ ಒಣಗಿದ ಮ್ಯಾಲ ಹೊಡದ್ರ ರೊಕ್ಕ ಹೋಗ್ತದ ಅಷ್ಟ. ಇದನ್ನ ಬಿತ್ತಗಿಕಿಂತ ಮೊದ್ಲ ಹೊಲದ ದಂಡಿಗಿ ನಿಂತು ಹೇಳೋರು ಒಬ್ರೂ ಬಂದಿರ್ಲಿಲ್ಲ. ಆಮ್ಯಾಲ ಸರ್ಕಾರದಿಂದ ಪರಿಹಾರ ಬಂತು ಖರೇ, ಆದ್ರ ಪರಿಹಾರ ಮಣ್ಣಾಗಿನ ರೋಗ ತೆಗಿಯಂಗಿಲ್ಲ.

ನನ್ನ ಅಭಿಪ್ರಾಯ ಇಷ್ಟ. ಸಂಶೋಧನೆ ಕಮ್ಮಿ ಬಿದ್ದಿಲ್ಲ, ಕೇಂದ್ರದಿಂದ ಹೊಲದ ತನಕ ಬರೋ ಮನಷ್ಯಾ ಕಮ್ಮಿ ಬಿದ್ದಾನ. ನಮ್ಮ ಕಲಬುರಗಿ ತೊಗರಿಗಿ 2019ರಾಗ ಜಿಐ ಟ್ಯಾಗ್ (ಈ ಊರಿಂದೇ ಬೆಳಿ ಅನ್ನೋ ಸರ್ಕಾರದ ಗುರುತು) ಸಿಕ್ತು, ಬ್ಯಾನರ್ ಕಟ್ಟಿ ಖುಷಿ ಪಟ್ವಿ, ಒಳ್ಳೇದೇ. ಹಂಗ ರೈತ ಸಂಪರ್ಕ ಕೇಂದ್ರದಾಗ ಖಾಲಿ ಬಿದ್ದ ಹುದ್ದೆ ಎಲ್ಲಾ ತುಂಬ್ರಿ, ಜೂನ್ ಮೊದ್ಲ ಮಳಿಕಿಂತ ಮುಂಚೆ ಊರೂರಿಗಿ ಬಂದು ಬೀಜೋಪಚಾರ ಮಾಡಿ ತೋರಿಸ್ರಿ, ಜಿಆರ್‌ಜಿ-811 ಬೀಜ ಬಿತ್ತೋ ಹೊತ್ತಿಗಿ ಸಿಗೋವಂಗ ಮಾಡ್ರಿ. ಆಳಂದ, ಚಿಂಚೋಳಿ, ಶಹಾಪುರ, ಔರಾದ್ ಕಡಿಯವ್ರು ನಿಮ್ಮೂರಾಗ ಈ ವರ್ಷ ಕೃಷಿ ಅಧಿಕಾರಿ ಬಂದಿದ್ರೋ ಇಲ್ಲೋ ಕೆಳಗ ಬರೀರಿ, ಎಲ್ಲಾ ಕೂಡ್ಸಿ ಒಂದ್ ಅರ್ಜಿ ಬರ್ದು ಜಿಲ್ಲಾಧಿಕಾರಿಗಳಿಗಿ ಕೊಡೋಣ.