"ಈ ವಯಸ್ಸಿಗಾ?" ಅಂತ ಇನ್ನು ಕೇಳಬೇಡಿ

ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ.

ಮಗಳಿಗೆ 16 ವರ್ಷ. ಕಬಡ್ಡಿ ಆಡುವಾಗ ಬಿದ್ದು ಎಡಗಾಲಿನ ಹರಡಿನ ಮೂಳೆ ಬಿರುಕು ಬಿಟ್ಟಿತು. 4 ವಾರ ಪ್ಲಾಸ್ಟರ್. ಬಿಚ್ಚಿದ ಮೂರನೇ ದಿನ ಮೀನಖಂಡ ಊದಿಕೊಂಡಿತು. ಮುಟ್ಟಿದರೆ ಬಿಸಿ. ನಾನು ಬ್ಲೌಸ್ ಹೊಲಿಯುವವಳು, ಟೇಪು ಹಿಡಿದು ಎರಡೂ ಕಾಲು ಅಳೆದೆ. ಬಲ 32 ಸೆಂಟಿಮೀಟರ್, ಎಡ 36. ಚೀಟಿಯಲ್ಲಿ ಬರೆದುಕೊಂಡೇ ಡಾಕ್ಟರ್ ಹತ್ತಿರ ಹೋದೆ.

ಅವರು ಚೀಟಿ ನೋಡಲಿಲ್ಲ. ಕಾಲನ್ನೂ ಮುಟ್ಟಲಿಲ್ಲ. "ರಕ್ತ ಹೆಪ್ಪುಗಟ್ಟಿರಬಹುದಾ ಸರ್?" ಅಂದೆ. "ಈ ವಯಸ್ಸಿಗಾ? ಪ್ಲಾಸ್ಟರ್ ಬಿಚ್ಚಿದ ಮೇಲೆ ಊತ ಇದ್ದದ್ದೇ" ಅಂತ ನೋವಿನ ಮಾತ್ರೆ ಬರೆದು ಕಳಿಸಿದರು. ಅಕ್ಕಪಕ್ಕದವರು ನರ ಹಿಡಿದಿದೆ, ಬಿಸಿ ಎಣ್ಣೆ ಹಾಕಿ ನೀವಿ ಅಂದರು. ಎರಡು ರಾತ್ರಿ ನಾನೇ ನೀವಿದೆ. ಹಾಗೆ ನೀವಿದರೆ ಹೆಪ್ಪುಗಟ್ಟಿದ ರಕ್ತದ ಗಡ್ಡೆ ಕಳಚಿ ಶ್ವಾಸಕೋಶಕ್ಕೆ ಹೋಗಬಹುದು ಅಂತ ಒಬ್ಬರಾದರೂ ಹೇಳಬಾರದಿತ್ತಾ?

ಮರುದಿನ ಬೆಳಿಗ್ಗೆ, "ಅಮ್ಮಾ, ಉಸಿರು ಎಳೆದರೆ ಎದೆ ಚುಚ್ತಿದೆ" ಅಂದಳು. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರ್. ಜಡಿಮಳೆ. ಮಂಡಗದ್ದೆ ದಾಟುವಾಗ ಅವಳ ತುಟಿ ನೋಡುತ್ತಾ ಕೂತಿದ್ದೆ, ಬಣ್ಣ ಏನಾದರೂ ಬದಲಾಯಿತಾ ಅಂತ.

ಅಲ್ಲಿ ಆಸ್ಪತ್ರೆಯಲ್ಲಿ ಡಾಪ್ಲರ್ ಸ್ಕ್ಯಾನ್ ಮಾಡಿದರು, ನಾಳದಲ್ಲಿ ರಕ್ತದ ಓಟ ನೋಡುವುದು. ಮಂಡಿಯಿಂದ ತೊಡೆವರೆಗೆ ರಕ್ತ ಹೆಪ್ಪುಗಟ್ಟಿತ್ತು. ಒಂದು ಚೂರು ಆಗಲೇ ಶ್ವಾಸಕೋಶ ಸೇರಿತ್ತು. ರಕ್ತ ಇನ್ನಷ್ಟು ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಔಷಧಿ ಕೊಟ್ಟು ಉಳಿಸಿಕೊಂಡರು. ಮಕ್ಕಳಲ್ಲಿ ಇದು ಕಡಿಮೆ, ನಿಜ. ಆದರೆ ಎಳೆ ಕೂಸುಗಳಲ್ಲಿ, ಹದಿವಯಸ್ಸಿನವರಲ್ಲಿ ಜಾಸ್ತಿ ಅಂತೆ. ಕಾಲು ಅಲ್ಲಾಡಿಸದೆ ವಾರಗಟ್ಟಲೆ ಇದ್ದರೆ ಇನ್ನೂ ಜಾಸ್ತಿ. ಅವರು ಮೊದಲು ಕೇಳಿದ್ದೇ, "ಮನೆಯಲ್ಲಿ ಯಾರಿಗಾದರೂ ಹೀಗಾಗಿತ್ತಾ?" ಆಗಿತ್ತು. ಇವಳ ಸೋದರತ್ತೆಗೆ, ಬಾಣಂತನದಲ್ಲಿ. ಅಲ್ಲಿಯವರೆಗೆ ಯಾರೂ ಕೇಳಿರಲೇ ಇಲ್ಲ!

ಈಗ ವಾರ್ಫರಿನ್ ಮಾತ್ರೆ, ಅದೂ ಹೆಪ್ಪುಗಟ್ಟದಂತೆ ತಡೆಯುವುದೇ. ಐಎನ್‌ಆರ್, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತೆ ಅಂತ ತೋರಿಸುವ ರಕ್ತ ಪರೀಕ್ಷೆಯ ಅಂಕಿ, 2ರಿಂದ 3ರೊಳಗೆ ಇರಬೇಕು. ಸೊಪ್ಪು ಈ ಮಾತ್ರೆಯ ಕೆಲಸ ತಗ್ಗಿಸುತ್ತದೆ, ಹಾಗಾಗಿ ಒಂದು ದಿನ ಜಾಸ್ತಿ, ಒಂದು ದಿನ ಇಲ್ಲವೇ ಇಲ್ಲ ಅನ್ನುವಂತಿಲ್ಲ. ಈ ಮಳೆಗಾಲ ಕೆಸುವಿನೆಲೆಯ ಪತ್ರೊಡೆ ಮಾಡಿದರೂ ಅವಳ ತಟ್ಟೆಗೆ ಲೆಕ್ಕ ಹಾಕಿಯೇ ಬಡಿಸುತ್ತೇನೆ. ರಕ್ತ ಪರೀಕ್ಷೆಗೆ ಬಸ್ಸಲ್ಲಿ ಹೋದರೆ ಪಕ್ಕದ ಸೀಟಿನಿಂದ ಮತ್ತೆ ಅದೇ, "ಅಯ್ಯೋ, ಈ ವಯಸ್ಸಿಗಾ?"

ಹೆಣ್ಣುಮಗು, ನಾಳೆ ಮದುವೆ ಆಗಬೇಕು, ಯಾರಿಗೂ ಹೇಳಬೇಡಿ ಅಂತಾರೆ ನೆಂಟರು. ಯಾಕೆ ಹೇಳಬಾರದು? ಒಂದೇ ಕಾಲು ಊದಿ ಬಿಸಿಯಾಗಿದ್ದರೆ ದಯವಿಟ್ಟು ನೀವಬೇಡಿ. ಅವತ್ತೇ ತೋರಿಸಿ. ಡಾಕ್ಟರ್ ಕಾಲು ಮುಟ್ಟಿ ನೋಡುವವರೆಗೆ ಕುರ್ಚಿಯಿಂದ ಏಳಬೇಡಿ.