ತೂಕದ ಮಾತು

ನನ್ನ ಗಾಡಿ ಎಷ್ಟು ಗಟ್ಟಿ ಅಂತ ಯಾರೂ ಕೇಳುವುದಿಲ್ಲ. ಹಾಗಾಗಿ ನಾನೇ ಹೇಳಬೇಕಾಗುತ್ತದೆ.

ಫೋರ್ ವೀಲ್ ಡ್ರೈವ್, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಸಿಗುವ ಗಾಡಿಗಳ ಹುಚ್ಚು ನನಗೆ ಹತ್ತಿ ಬಹಳ ವರ್ಷವಾಯಿತು. ಗಾಡಿ ಕೊಳ್ಳುವ ಮೊದಲೇ ಅವುಗಳ ಮೇಲಿನ ಪತ್ರಿಕೆಗಳನ್ನು ಕೊಳ್ಳಲು ಶುರು ಮಾಡಿದ್ದೆ. ಯಾವುದರ ಚಾಸಿ (ಗಾಡಿ ಕೂರುವ ಅಡಿಚೌಕಟ್ಟು) ಗಟ್ಟಿ, ಯಾವುದರ ಆಕ್ಸಲ್ (ಚಕ್ರಗಳ ನಡುವಿನ ಅಚ್ಚು) ದಪ್ಪ, ಯಾವುದು ಎಷ್ಟು ಹೊರುತ್ತದೆ ಎಂದು ನಾನು ಹೋಲಿಸುತ್ತಾ ಕೂತರೆ ಮನೆಯವರು ಒಬ್ಬೊಬ್ಬರಾಗಿ ಎದ್ದು ಹೋಗುತ್ತಾರೆ. ಕೊನೆಗೆ ಉಳಿಯುವವನು ಭಾವಮೈದುನ ಒಬ್ಬನೇ. ಅವನು ಉಳಿಯುವುದು ಕೇಳುವುದಕ್ಕಲ್ಲ, ಜಗಳಕ್ಕೆ.

ಅವನ ಹತ್ತಿರ ಒಂದು ಹಳೇ ಫೋರ್ ಬೈ ಫೋರ್ ಪಿಕಪ್ ಇದೆ. ಹಿಂದೆ ಕಮಾನ್ ಪಟ್ಟಿ, ಮುಂದೆ ಎರಡೇ ಸೀಟು. ಖಾಲಿ ಇದ್ದಾಗ ಅದರಲ್ಲಿ ಕೂತರೆ ಹಲ್ಲು ಕಟಕಟ ಎನ್ನುತ್ತವೆ. ನನ್ನದು ಎತ್ತರದ, ಅಗಲದ, ಕಾಯಿಲ್ ಸ್ಪ್ರಿಂಗಿನ ಗಾಡಿ. ಮುಂದೆ ಕಬ್ಬಿಣದ ಗಾರ್ಡ್, ಅದರೊಳಗೆ ಗಾಡಿ ಹೂತರೆ ಹಗ್ಗ ಸುತ್ತಿ ಎಳೆಯುವ ವಿಂಚ್, ಮೇಲೆ ಕ್ಯಾರಿಯರ್, ಒಂದು ಸಾಲದೆಂದು ಎರಡು ಸ್ಟೆಪ್ನಿ. ನೋಡಿದವರು ದಾರಿ ಬಿಡಬೇಕು, ಹಾಗೆ ಇದೆ.

"ಭಾವ, ಗಟ್ಟಿ ಕಾಣೋದು ಬೇರೆ, ಹೊರೋದು ಬೇರೆ" ಎನ್ನುತ್ತಾನೆ ಅವನು.

ಇಷ್ಟು ಸಾಕು ನನಗೆ. ಇತಿಹಾಸದಿಂದ ಶುರು ಮಾಡುತ್ತೇನೆ. ಎರಡನೇ ಮಹಾಯುದ್ಧದ ಜೀಪನ್ನು ಅಮೆರಿಕದ ಸೈನ್ಯ ಕರೆಯುತ್ತಿದ್ದುದೇ ಕಾಲು ಟನ್ ಟ್ರಕ್ ಎಂದು. 1948ರಲ್ಲಿ ಆಮ್‌ಸ್ಟರ್‌ಡ್ಯಾಮ್ ಪ್ರದರ್ಶನದಲ್ಲಿ ಲ್ಯಾಂಡ್ ರೋವರ್ ಬಂತು. ಯುದ್ಧ ಮುಗಿದ ಹೊಸತು, ಬ್ರಿಟನ್ನಿನಲ್ಲಿ ಉಕ್ಕಿಗೆ ಬರ. ಅದಕ್ಕೇ ಮೈಗೆ ಅಲ್ಯೂಮಿನಿಯಂ ಮಿಶ್ರಲೋಹದ ತಗಡು, ಕೆಳಗಿನ ಚಾಸಿ ಮಾತ್ರ ಉಕ್ಕಿನದು. 1979ರ ಮರ್ಸಿಡಿಸ್ ಜಿ, 1984ರ ಲ್ಯಾಂಡ್ ಕ್ರೂಸರ್ 70... ಹೀಗೆ ನಾನು ಒಂದೊಂದೇ ದಾಟುತ್ತಾ ನನ್ನ ಗಾಡಿಯ ಹತ್ತಿರ ಬರುವ ಹೊತ್ತಿಗೆ ಅವನು ಆಕಳಿಸುತ್ತಾನೆ. ಆಕಳಿಸಿ ಕೇಳುತ್ತಾನೆ: "ಅದೆಲ್ಲಾ ಸರಿ. ನಿಮ್ದು ಎಷ್ಟು ಹೊರುತ್ತೆ?"

ಎಷ್ಟು ಬೇಕಾದರೂ, ಎನ್ನುತ್ತಿದ್ದೆ. ಮನೆ ಬದಲಿಸುವ ದಿನದವರೆಗೂ.

ದೊಡ್ಡ ಸಾಮಾನೆಲ್ಲ ಹಿಂದಿನ ದಿನವೇ ಲಾರಿಯಲ್ಲಿ ಹೋಗಿತ್ತು. ಉಳಿದದ್ದು ಒಂದು ಮರದ ಮಂಚ, ಮತ್ತೆ ಪುಸ್ತಕದ 22 ಪೆಟ್ಟಿಗೆ. ಅದರಲ್ಲಿ ನಾಲ್ಕು ಪೆಟ್ಟಿಗೆ ತುಂಬಾ ಗಾಡಿ ಪತ್ರಿಕೆಗಳೇ. ಭಾವಮೈದುನ ಪಿಕಪ್ ತಂದು ಬೆಳಗಾಗುವ ಮೊದಲೇ ಬಾಗಿಲಲ್ಲಿ ನಿಲ್ಲಿಸಿದ್ದ. ಅದು ಬೇಡವೇ ಬೇಡ, ಎಲ್ಲಾ ನನ್ನ ಗಾಡಿಯಲ್ಲೇ ಒಂದೇ ಸಲಕ್ಕೆ ಹೋಗುತ್ತದೆ ಎಂದೆ. ಹೆಂಡತಿ ಅನುಮಾನದಿಂದ ನೋಡಿದಳು. ನಾನು ಅವಳನ್ನು ಕರೆದು ಟೈರಿನ ಪಕ್ಕದಲ್ಲಿ ಬರೆದಿದ್ದ 112 ಅನ್ನೋ ಅಂಕಿ ತೋರಿಸಿದೆ. ಹಾಗೆಂದರೆ ಒಂದು ಟೈರು 1120 ಕಿಲೋ ತಡೆಯುತ್ತದೆ. ನಾಲ್ಕಕ್ಕೆ 4480. ಗಾಡಿಯ ತೂಕ 2300 ಕಳೆದರೂ ಎರಡು ಟನ್ ಮೇಲೆ ಉಳಿಯಿತಲ್ಲ!

ಭಾವಮೈದುನ ಪೆಟ್ಟಿಗೆ ಹೊತ್ತುಕೊಂಡೇ ಹೇಳಿದ: "ಚಪ್ಪಲಿ ಗಟ್ಟಿ ಇದೆ ಅಂತ ತಲೆ ಮೇಲೆ ಎಷ್ಟು ಮೂಟೆ ಬೇಕಾದ್ರೂ ಹೊರ್ತೀರಾ ಭಾವ? ಮಂಡಿ ಏನಾಗ್ಬೇಕು?"

ಮಂಡಿ ಅಂದರೆ ಇಲ್ಲಿ ಸ್ಪ್ರಿಂಗು, ಬೇರಿಂಗು, ಆಕ್ಸಲ್. ಅದು ನನಗೆ ಗೊತ್ತಿರಲಿಲ್ಲ ಎಂದಲ್ಲ. ಅವನು ಹೇಳಿದ ಅನ್ನುವುದೇ ತೊಂದರೆ.

ಪೆಟ್ಟಿಗೆಗಳನ್ನೆಲ್ಲ ಹಿಂದಿನ ಬಾಗಿಲ ಒತ್ತಿಗೇ ಜೋಡಿಸಿದೆವು. ಇಳಿಸುವಾಗ ಸುಲಭ ಅಲ್ವಾ. ಮಂಚವನ್ನು ಮೇಲಿನ ಕ್ಯಾರಿಯರಿಗೆ ಬಿಗಿದೆವು. ಅತ್ತೆ, ಹೆಂಡತಿ, ಭಾವಮೈದುನ, ನಾನು. ಗಾಡಿ ಹೊರಟಿತು.

ಮೊದಲ ಸುಳಿವು ಕೊಟ್ಟದ್ದು ಎದುರಿಂದ ಬಂದವರು. ಪ್ರತಿಯೊಬ್ಬರೂ ನನಗೆ ಲೈಟ್ ಮಿನುಗಿಸಿದರು. ಎಷ್ಟು ಮರ್ಯಾದೆ ಅಂದುಕೊಂಡು ನಾನೂ ಕೈ ಬೀಸಿದೆ. ಆಮೇಲೆ ನೋಡಿದರೆ ನನ್ನ ಹೆಡ್‌ಲೈಟು ರಸ್ತೆ ಬಿಟ್ಟು ಮರದ ತುದಿಯಲ್ಲಿ ಹಕ್ಕಿ ಹುಡುಕುತ್ತಿತ್ತು. ಹಿಂದೆ ಕುಸಿದು ಮೂಗು ಮೇಲೆದ್ದಿತ್ತು. ಸ್ಟೇರಿಂಗಂತೂ ಬೆಣ್ಣೆ. ನಾನು ತಿರುಗಿಸಿದ ಮೇಲೆ ಗಾಡಿ ಸ್ವಲ್ಪ ಹೊತ್ತು ಯೋಚಿಸಿ ತಿರುಗುತ್ತಿತ್ತು. ಮುಂದಿನ ಚಕ್ರಗಳ ಮೇಲೆ ಭಾರವೇ ಇಲ್ಲದಿದ್ದರೆ ಹಾಗೇ ಆಗುವುದು. ಭಾರ ಹಿಂದಿನ ಆಕ್ಸಲ್‌ನಿಂದ ಆಚೆ ಹೋದಷ್ಟೂ ಗಾಡಿ ಏತದ ಹಾಗೆ ಮುಂದೆ ಏಳುತ್ತದೆ. ಪಿಕಪ್‌ಗಳಲ್ಲಿ ಹೀಗೆ ಬಾಲಕ್ಕೆ ಲೋಡ್ ಹಾಕಿ ಗುಂಡಿ ರಸ್ತೆಯಲ್ಲಿ ಓಡಿಸಿ ಚಾಸಿಯನ್ನೇ ಬಗ್ಗಿಸಿಕೊಂಡವರ ಫೋಟೋ ನಾನೇ ಎಷ್ಟೋ ನೋಡಿದ್ದೆ. ಆ ಫೋಟೋಗಳೂ ಹಿಂದಿನ ಪೆಟ್ಟಿಗೆಯಲ್ಲೇ ಇದ್ದವು.

"ಫೋರ್ ವೀಲ್ ಹಾಕ್ತೀನಿ, ಸರಿ ಹೋಗುತ್ತೆ" ಎಂದು ಲಿವರ್ ಎಳೆದೆ.

ಹೋಗಲಿಲ್ಲ. ನನ್ನದು ಬೇಕೆಂದಾಗ ಮಾತ್ರ ಹಾಕಿಕೊಳ್ಳುವ ಫೋರ್ ವೀಲ್. ಹಾಕಿದರೆ ಮುಂದಿನ ಆಕ್ಸಲ್ಲೂ ಹಿಂದಿನದೂ ಒಂದೇ ಲೆಕ್ಕದಲ್ಲಿ ತಿರುಗುತ್ತವೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಹೋಗಬೇಕು. ಕೆಸರಾದರೆ ಟೈರು ಸ್ವಲ್ಪ ಜಾರಿ ಹೊಂದಿಸಿಕೊಳ್ಳುತ್ತದೆ. ಒಣ ರಸ್ತೆಯಲ್ಲಿ ಜಾರುವುದೆಲ್ಲಿಗೆ? ಆಗ ಒಳಗಿನ ಗೇರುಗಳೆಲ್ಲ ಬಿಗಿದುಕೊಂಡು ಗಾಡಿ ಕುಂಟತೊಡಗುತ್ತದೆ. ನಮ್ಮದು ಕುಂಟಿದ್ದು ಸರಿಯಾಗಿ ಲಾರಿ ತೂಗುವ ಒಂದು ವೇ ಬ್ರಿಡ್ಜ್ ಮುಂದೆ. ಲಿವರ್ ಹಿಂದಕ್ಕೆ ಬರಲೊಲ್ಲದು.

"ನೇರ ರಿವರ್ಸ್ ತಗೊಳ್ಳಿ ಭಾವ, ಬಿಗಿ ಬಿಡುತ್ತೆ" ಎಂದ ಅವನು. ತಗೊಂಡೆ. ಬಿಟ್ಟಿತು. ಗಾಡಿ ಹೋಗಿ ನಿಂತದ್ದು ವೇ ಬ್ರಿಡ್ಜಿನ ಪಕ್ಕಕ್ಕೆ. "ಬಂದದ್ದು ಬಂದಿದ್ದೀವಿ, ಹತ್ತಿಸೇ ಬಿಡಿ" ಎಂದ. ಆಗಲೇ ಅವನ ಮುಖದಲ್ಲಿ ಒಂದು ಕಳೆ ಬಂದಿತ್ತು.

3240 ಕಿಲೋ.

ಗಾಡಿಯ ಬಾಗಿಲ ಒಳಗಡೆ ಒಂದು ಸಣ್ಣ ತಗಡು ಇರುತ್ತದೆ. ಸಾಮಾನು, ಜನ ಎಲ್ಲಾ ಸೇರಿ ಗಾಡಿ ಎಷ್ಟು ತೂಗಬಹುದು ಎಂದು ಅದರ ಮೇಲೆ ಬರೆದಿರುತ್ತದೆ. ಸಾವಿರಾರು ಪುಟ ಓದಿದ ನಾನು ಈ ಒಂದು ಸಾಲು ಓದಿರಲಿಲ್ಲ. 2950. ಅದರಲ್ಲಿ ಗಾಡಿಯದೇ 2300. ಉಳಿಯುವುದು 650.

ಹೆಂಡತಿ ಹಳೆಯ ರಸೀದಿಯೊಂದರ ಹಿಂಬದಿಯಲ್ಲಿ ಲೆಕ್ಕ ಬರೆದಳು. ಗಾರ್ಡ್ 60, ವಿಂಚ್ 35, ಕ್ಯಾರಿಯರ್ 40, ಎರಡನೇ ಸ್ಟೆಪ್ನಿ 35. ಅಂದರೆ 170 ಕಿಲೋ ಬರೀ ನನ್ನ ಜಂಬದ್ದು. ಮಂಚ 70. ಪೆಟ್ಟಿಗೆಗೆ 18ರಂತೆ 396. ಭಾವಮೈದುನ 95, ನಾನು 80, ಅವಳು 65. ಅತ್ತೆಯ ತೂಕ ಕೇಳುವ ಧೈರ್ಯ ನನಗಿರಲಿಲ್ಲ, ಕಳೆದು ನೋಡಿದರೆ ಸುಮಾರು 60 ಬಂತು. ಇನ್ನು ಮೇಲ್ಛಾವಣಿಗೆ ಇದ್ದ ಮಿತಿ 100 ಕಿಲೋ, ಕ್ಯಾರಿಯರಿನ ತೂಕವೂ ಅದರಲ್ಲೇ ಸೇರಿ. ನಾವು ಅಲ್ಲೂ 10 ಮೀರಿದ್ದೆವು.

"290 ಜಾಸ್ತಿ ಆಗಿದೆ" ಎಂದಳು. "ನಾವು ನಾಲ್ಕು ಜನ ಸೇರಿ 300. ಎಲ್ರೂ ಇಳಿದುಬಿಟ್ರೆ ಗಾಡಿ ಆರಾಮಾಗಿ ಹೋಗುತ್ತೆ."

"ಓಡಿಸೋರು ಯಾರು?" ಎಂದರು ಅತ್ತೆ. ತುಂಬಾ ಸಾಚಾ ಪ್ರಶ್ನೆ.

ಕೊನೆಗೆ ಭಾವಮೈದುನ ಬಸ್ಸು ಹತ್ತಿ ಪಿಕಪ್ ತರಲು ವಾಪಸು ಹೋದ. ನಾವು ಮಂಚ ಇಳಿಸಿ ವೇ ಬ್ರಿಡ್ಜ್ ಪಕ್ಕ ಹಾಕಿದೆವು. ಅತ್ತೆ ಅದರ ಮೇಲೆ ಕಾಲು ಚಾಚಿ ಕೂತರು. ತೂಕಕ್ಕೆ ಬಂದ ಲಾರಿಯವರೆಲ್ಲ ಅವರಿಗೆ ನಮಸ್ಕಾರ ಮಾಡಿಯೇ ಹೋಗುತ್ತಿದ್ದರು, ವೇ ಬ್ರಿಡ್ಜಿನ ಯಜಮಾನತಿ ಅಂದುಕೊಂಡಿರಬೇಕು.

ಅವನ ಪಿಕಪ್ ಖಾಲಿ ಇದ್ದಾಗ 1700 ಕಿಲೋ, ಹೊರುವುದು 1000. ತನ್ನ ತೂಕದ ಅರ್ಧಕ್ಕಿಂತ ಜಾಸ್ತಿ. ಸೋಫಾದಂಥ ಸೀಟಿಲ್ಲ, ಚಾವಣಿಯಲ್ಲಿ ಗಾಜಿಲ್ಲ, ಹಾಗಾಗಿ ತೂಕವೆಲ್ಲ ಲೋಡಿಗೇ ಉಳಿಯುತ್ತದೆ. 22 ಪೆಟ್ಟಿಗೆ, ಮಂಚ ಎಲ್ಲಾ ಅವನೇ ತುಂಬಿಕೊಂಡ. ಬಾಲಕ್ಕಲ್ಲ, ಕ್ಯಾಬಿನ್ನಿನ ಒತ್ತಿಗೆ. ಕಮಾನ್ ಪಟ್ಟಿ ಸ್ವಲ್ಪ ಬಾಗಿತು, ಅಷ್ಟೇ. ನನ್ನ ಗಾಡಿ ಗಾರ್ಡ್, ವಿಂಚ್, ಎರಡು ಸ್ಟೆಪ್ನಿ ಸಮೇತ ಅವನ ಹಿಂದೆ ಖಾಲಿ ಹೋಯಿತು.

ಸಂಜೆ ಪೆಟ್ಟಿಗೆ ಎಣಿಸಿದರೆ 18. ಫೋನ್ ಮಾಡಿದೆ.

"ಪತ್ರಿಕೆಯ ನಾಲ್ಕು ನಮ್ಮಲ್ಲೇ ಇವೆ ಭಾವ" ಎಂದ. "ಇಳಿಸೋದು ಬೇಡ ಅಂದ್ಕೊಂಡೆ. ಗಾಡಿ ಈಗ ಎಗರ್ತಾನೇ ಇಲ್ಲ. ನಿಮ್ಮ ಪತ್ರಿಕೆ ಇಷ್ಟು ಉಪಯೋಗಕ್ಕೆ ಬರುತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ."