ತಾತನ ಹೆರಾಲ್ಡ್ ಯಾರ ಹೆಸರಲ್ಲಿದೆ?

ಇಂಗ್ಲೆಂಡಿನ ಕೊವೆಂಟ್ರಿಗೆ ಬಂದ ಹೊಸತರಲ್ಲಿ ಒಂದು ಭಾನುವಾರ ಪಕ್ಕದ ಮನೆಯವರ ಗ್ಯಾರೇಜ್ ಬಾಗಿಲು ತೆರೆದಿತ್ತು. ಇಣುಕಿ ನೋಡಿದರೆ ಒಳಗೆ ನಮ್ಮ ತಾತನ ಕಾರು! ಅದೇ ಕಾರಲ್ಲ, ಅದರ ಅಣ್ಣ ಅನ್ನಿ. ತುಮಕೂರಿನ ನಮ್ಮ ಮನೆಯಲ್ಲಿರುವುದು 1966ರ ಸ್ಟ್ಯಾಂಡರ್ಡ್ ಹೆರಾಲ್ಡ್, ಮದ್ರಾಸಿನಲ್ಲಿ ತಯಾರಾದದ್ದು. ಇವರದ್ದು 1965ರ ಟ್ರಯಂಫ್ ಹೆರಾಲ್ಡ್, ಇದೇ ಊರಿನ ಕ್ಯಾನ್ಲಿ ಫ್ಯಾಕ್ಟರಿಯಿಂದ ಹೊರಬಂದದ್ದು. ಅವರ ಅಪ್ಪ ಕೆಲಸ ಮಾಡುತ್ತಿದ್ದದ್ದೂ ಅಲ್ಲೇ.

ನಮ್ಮದು ಎರಡು ಬಾಗಿಲಿನ ಕಾರು. ಮುಂದಿನ ಸೀಟು ಮಡಚಿ, ಸೀರೆ ಎತ್ತಿ ಹಿಡಿದು ಅಜ್ಜಿ ಹಿಂದೆ ಹತ್ತುವಷ್ಟರಲ್ಲಿ ತಾತ ಎರಡು ಸಲ ಹಾರ್ನ್ ಹೊಡೆಯುತ್ತಿದ್ದರು. ಇಪ್ಪತ್ತೈದು ಅಡಿ ಜಾಗ ಸಿಕ್ಕರೆ ಸಾಕು, ಪೂರ್ತಿ ಒಂದು ಸುತ್ತು ತಿರುಗುತ್ತಿತ್ತು. ಬೀದಿಯಲ್ಲಿ ಯಾರಿಗೆ ಹೆರಿಗೆ ನೋವು ಬಂದರೂ, ಯಾರ ಮನೆ ಮದುವೆ ಆದರೂ ಅದೇ ಗಾಡಿ. ಇಲ್ಲಿನವರು ಹಳೇ ಕಾರನ್ನು ಹಾಗೆ ದುಡಿಸುವುದಿಲ್ಲ. ಬಿಸಿಲು ಬಂದ ಭಾನುವಾರ ಹೊರಗೆ ತೆಗೀತಾರೆ. ಚಳಿಗಾಲದಲ್ಲಿ ಹಿಮಕ್ಕೆ ಅಂತ ರಸ್ತೆಗೆ ಉಪ್ಪು ಹಾಕ್ತಾರಲ್ಲ, ಆ ಉಪ್ಪು ತಗುಲಿದರೆ ತಳ ತುಕ್ಕು ಹಿಡಿಯುತ್ತೆ ಅಂತ ಆಗ ಬಾಗಿಲು ಹಾಕಿಬಿಡ್ತಾರೆ. ನಮಗೆ ತುಕ್ಕಿನ ಕಾಟ ಅಷ್ಟಿಲ್ಲ. ನಮ್ಮ ಶತ್ರು ಇಲಿ. ಸೀಟಿನ ನಾರು, ವೈರು ಎಲ್ಲ ಅದರ ಹೊಟ್ಟೆಗೆ.

ಹನ್ನೊಂದು ವರ್ಷದ ಹಿಂದೆ ಚಿಕ್ಕಪ್ಪ ನಮ್ಮ ಬೀದಿಯ ತಿರುವಿನಲ್ಲಿ ಮೆಲ್ಲಗೆ ಕಾರು ತಿರುಗಿಸುತ್ತಿದ್ದರು. ಎಡಗಡೆ ಮುಂದಿನ ಚಕ್ರ ಸುಮ್ನೆ ಒಳಗೆ ಮಡಚಿಕೊಂಡುಬಿಡ್ತು, ಕಾಲು ಮುರಿದ ಕುರ್ಚಿ ಹಾಗೆ. ಯಾರಿಗೂ ಏನೂ ಆಗಲಿಲ್ಲ. ಮನೆಯಲ್ಲಿ ಎಲ್ಲರೂ ದೃಷ್ಟಿ ಆಯ್ತು ಅಂದರು. ಪಕ್ಕದ ಮನೆಯವರಿಗೆ ಈ ಕತೆ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: 'ಗ್ರೀಸ್ ಹೊಡೆದಿದ್ರಾ?'

ಹೌದು, ಹೊಡೆದಿದ್ದರು. ಮುಂದಿನ ಚಕ್ರದ ಕೆಳಗೆ ಟ್ರನಿಯನ್ ಅಂತ ಒಂದು ಕಂಚಿನ ತುಂಡಿದೆ. ಸ್ಟೀರಿಂಗ್ ತಿರುಗಿಸಿದಾಗೆಲ್ಲ ಸ್ಕ್ರೂ ಥರ ಮರೆ ಇರುವ ಉಕ್ಕಿನ ತುದಿ ಅದರೊಳಗೆ ತಿರುಗಬೇಕು. ಅಲ್ಲಿಗೆ ಹಾಕಬೇಕಾದದ್ದು ಗೇರ್ ಆಯಿಲ್, ಗ್ರೀಸ್ ಅಲ್ಲ. ಗ್ರೀಸ್ ಗಟ್ಟಿಯಾಗಿ ಕೂತರೆ ಮರೆಯೊಳಗೆ ನೀರು ಸೇರಿ, ತುಕ್ಕು ಹಿಡಿದು, ಒಂದು ದಿನ ಪಟ್ ಅಂತ ಮುರಿಯುತ್ತೆ. ಹೆರಾಲ್ಡ್ ಇಟ್ಟುಕೊಂಡ ಇಂಗ್ಲಿಷರಿಗೆ ಇದು ಬಾಯಿಪಾಠ. ನಮ್ಮ ತಾತನ ಕಾಲದ ಮೇಸ್ತ್ರಿಗೂ ಗೊತ್ತಿತ್ತು ಅಂತ ಕಾಣುತ್ತೆ, ಯಾಕೆಂದರೆ ಅವರು ಇದ್ದಷ್ಟು ದಿನ ಏನೂ ಆಗಲಿಲ್ಲ. ಅವರು ಹೋದ ಮೇಲೆ ಆ ವಿದ್ಯೆಯೂ ಅವರ ಜೊತೆಗೇ ಹೋಯಿತು.

ಪಕ್ಕದ ಮನೆಯವರ ಹತ್ತಿರ ಒಂದು ನೋಟ್‌ಬುಕ್ ಇದೆ. ರಟ್ಟಿಗೆಲ್ಲ ಎಣ್ಣೆ ಹಿಡಿದಿದೆ. ಮೊದಲ ಹಾಳೆಗಳಲ್ಲಿ ಅವರ ಅಪ್ಪನ ಓರೆ ಅಕ್ಷರ, ಆಮೇಲೆ ಇವರದ್ದು, ಈಚಿನ ಹಾಳೆಗಳಲ್ಲಿ ಮಗಳದ್ದು. ಯಾವ ತಾರೀಖು, ಎಷ್ಟು ಮೈಲಿ, ಯಾವ ಆಯಿಲ್, ಅಷ್ಟೇ. ಪ್ರೀತಿ ಗೀತಿ ಅಂತ ಒಂದು ಸಾಲೂ ಇಲ್ಲ. ನಾವೋ, ಆ ಕಾರಿನ ಬಗ್ಗೆ ರಾತ್ರಿಯೆಲ್ಲ ಕತೆ ಹೇಳ್ತೀವಿ, ಆಯಿಲ್ ಯಾವಾಗ ಬದಲಿಸಿದ್ದು ಅಂತ ಕೇಳಿದರೆ ಒಬ್ಬರ ಮುಖ ಒಬ್ಬರು ನೋಡ್ತೀವಿ.

ಹಾಗಂತ ಇಲ್ಲಿನದೆಲ್ಲ ಚಿನ್ನ ಅಂತೇನಲ್ಲ. ಅಪ್ಪ ತೀರಿಕೊಂಡ ಮೂರನೇ ತಿಂಗಳಿಗೆ ಕಾರನ್ನು ಹರಾಜಿಗೆ ಕಳಿಸಿದ ಮಕ್ಕಳನ್ನೂ ನೋಡಿದ್ದೇನೆ. ನಮ್ಮ ಕಡೆ ಅಷ್ಟು ಬೇಗ ಮನಸ್ಸು ಬರೋದಿಲ್ಲ. ಮಾರೋದೂ ಇಲ್ಲ, ರಿಪೇರಿ ಮಾಡಿಸೋದೂ ಇಲ್ಲ.

ಸರ್ಕಾರದ ರೀತಿಯೂ ಬೇರೆ. ಬ್ರಿಟನ್‌ನಲ್ಲಿ 40 ವರ್ಷ ದಾಟಿದ ಕಾರಿಗೆ ರಸ್ತೆ ತೆರಿಗೆ ಇಲ್ಲ. ಮೂಲ ರೂಪ ತೀರಾ ಬದಲಾಗಿರದಿದ್ದರೆ 2018ರಿಂದ ವರ್ಷ ವರ್ಷದ ತಪಾಸಣೆಯೂ ಕಡ್ಡಾಯ ಅಲ್ಲ. ನಮ್ಮಲ್ಲಿ 15 ವರ್ಷ ಆದ ಮೇಲೆ ಐದೈದು ವರ್ಷಕ್ಕೆ ಆರ್‌ಸಿ ನವೀಕರಣ. 2025ರ ಆಗಸ್ಟ್‌ನಿಂದ 20 ವರ್ಷ ದಾಟಿದ ಕಾರಿಗೆ ಅದರ ಶುಲ್ಕ 10,000 ರೂಪಾಯಿ. 50 ವರ್ಷ ಮೀರಿದ್ದಕ್ಕೆ ವಿಂಟೇಜ್ ನೋಂದಣಿ ಅಂತ 2021ರಲ್ಲಿ ಬಂತು, ಆದರೆ ಅದನ್ನು ಮಾಡಿಸಿದರೆ ದಿನಾ ಓಡಿಸುವ ಹಾಗಿಲ್ಲ. ರ‍್ಯಾಲಿ, ಪ್ರದರ್ಶನ, ಪೆಟ್ರೋಲ್ ಬಂಕ್, ರಿಪೇರಿ, ಇಷ್ಟಕ್ಕೇ. ಅಜ್ಜಿಯನ್ನು ಕೂರಿಸಿಕೊಂಡು ದೇವರಾಯನದುರ್ಗಕ್ಕೆ ಹೋಗಿ ಬರೋದು ಈ ಪಟ್ಟಿಯಲ್ಲಿಲ್ಲ.

ಆದರೂ ನಮ್ಮ ಕಾರು ನಿಂತಿರುವುದಕ್ಕೆ ಸರ್ಕಾರವನ್ನು ಬೈದರೆ ಸುಳ್ಳಾಗುತ್ತೆ. ಆರ್‌ಸಿ ಇವತ್ತಿಗೂ ತಾತನ ಹೆಸರಲ್ಲೇ ಇದೆ. ತಾತ ಹೋಗಿದ್ದು 1994ರಲ್ಲಿ. ಮೂವರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಹೊಲವನ್ನು ಗುಂಟೆ ಲೆಕ್ಕದಲ್ಲಿ ಹಂಚಿಕೊಂಡರು, ಪಾತ್ರೆಯನ್ನೂ ಹಂಚಿಕೊಂಡರು. ಕಾರು ಮಾತ್ರ ಎಲ್ಲರದ್ದೂ ಅಂತ ಉಳಿಯಿತು. ಎಲ್ಲರದ್ದು ಅಂದ ಮೇಲೆ ಬ್ಯಾಟರಿಗೆ ದುಡ್ಡು ಕೊಡೋರು ಯಾರು?

ಇಲ್ಲಿನ ಕಾರಿನ ಕಾಗದದಲ್ಲಿ ನನಗೆ ತುಂಬ ಹಿಡಿಸಿದ ಒಂದು ಪದ ಇದೆ. ಅದರಲ್ಲಿ ಬರೆಯೋದು ಓನರ್ ಅಂತ ಅಲ್ಲ, ರಿಜಿಸ್ಟರ್ಡ್ ಕೀಪರ್ ಅಂತ. ಇದು ಮಾಲೀಕತ್ವಕ್ಕೆ ಪುರಾವೆ ಅಲ್ಲ ಅಂತಲೂ ಅದರ ಮೇಲೆಯೇ ಅಚ್ಚಾಗಿರುತ್ತೆ. ಅಂದರೆ, ಸದ್ಯಕ್ಕೆ ನೋಡಿಕೊಳ್ಳುತ್ತಿರುವವರು. ದನ ಯಾರದ್ದಾದರೂ ಆಗಲಿ, ಹುಲ್ಲು ಹಾಕೋರು ಒಬ್ಬರು ಇರಬೇಕಲ್ವಾ?

ನನ್ನ ತಮ್ಮನ ಮಗಳು ಆಟೋಮೊಬೈಲ್ ಡಿಪ್ಲೊಮಾ ಮಾಡುತ್ತಿದ್ದಾಳೆ. ಅವಳ ಹೆಸರಿಗೆ ಮಾಡೋಣ, ಎಲ್ಲರೂ ಸಹಿ ಹಾಕಿ ಅಂತ ಹೋದ ಸಲ ಊರಿಗೆ ಹೋದಾಗ ಕೇಳಿದೆ. ಅತ್ತೆಯರಿಬ್ಬರೂ ಅಲ್ಲೇ ಒಪ್ಪಿದರು. ಚಿಕ್ಕಪ್ಪ ಮಾತ್ರ ಬಹಳ ಹೊತ್ತು ಸುಮ್ಮನಿದ್ದು, 'ಅಪ್ಪನ ಹೆಸರು ತೆಗೀಬೇಕೇನಪ್ಪಾ?' ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಈ ಆಯುಧ ಪೂಜೆಗೆ ವಿಡಿಯೋ ಕಾಲ್ ಮಾಡಿದ್ದರು. ಹಳೇ ಮೈಸೂರು ರಾಜ್ಯದ ಎಂವೈ ನಂಬರ್ ಪ್ಲೇಟಿಗೆ ಅರಿಶಿನ ಕುಂಕುಮ, ಬಾನೆಟ್ ಮೇಲೆ ಚೆಂಡುಹೂವಿನ ಹಾರ. ಕುಂಬಳಕಾಯಿ ಒಡೆದಾಯಿತು. ನಿಂಬೆಹಣ್ಣು ಚಕ್ರದ ಕೆಳಗಿಟ್ಟರು. ಇಂಜಿನ್ ಸ್ಟಾರ್ಟ್ ಆಗೋದಿಲ್ಲವಲ್ಲ, ನಾಲ್ಕು ಜನ ಹಿಂದಿನಿಂದ ತಳ್ಳಿದರು. ಒಳಗೆ ಸ್ಟೀರಿಂಗ್ ಹಿಡಿದು ಚಿಕ್ಕಪ್ಪ ಕೂತಿದ್ದರು. ಚಕ್ರ ಅರ್ಧ ಸುತ್ತು ಉರುಳಿ ನಿಂಬೆಹಣ್ಣು ಪಿಚ್ಚೆಂದಿತು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾಗ ಹುಡುಗಿ ಫೋನ್ ಹಿಡಿದು ಕಾರಿನ ಕೆಳಗೆ ತೂರಿದಳು.

'ದೊಡ್ಡಪ್ಪ, ನೀವು ಹೇಳಿದ ಆ ಟ್ರನಿಯನ್ ಇದೇನಾ? ಇಲ್ಲಿ ಬರೀ ಗ್ರೀಸ್ ಇದೆ.'